ಸೆರಗಿನೊಳಗೆ ಇಟ್ಟ ಕೈ

ಅತ್ತೆಯವರಿಗೆ, ನಿಮ್ಮ ಹಿರಿಸೊಸೆ ರತ್ನ ಬರೆಯುವುದು.

ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಶುರು ಮಾಡಬೇಕು. ಆದರೆ ನೀವಿರುವ ಕಡೆಯಿಂದ ಯಾರೂ ಬರೆದದ್ದಿಲ್ಲ. ನೀವು ಯಾರ ಕೈಲಾದರೂ ಬರೆಸಿದರೂ ನನ್ನ ಹೆಸರಿಗೆ ಬರೆಸುತ್ತೀರಿ ಅನ್ನುವ ನಂಬಿಕೆ ನನಗಿಲ್ಲ. ಮಗನ ಹೆಸರಿಗೇ ಬರೆಸುತ್ತೀರಿ. ಕೊನೆಯಲ್ಲಿ, ರತ್ನನ ಕೈಗೆ ಕೊಡಬೇಡ ಅಂತ ಒಂದು ಸಾಲನ್ನೂ ಸೇರಿಸುತ್ತೀರಿ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮಿಬ್ಬರ ನಡುವೆ ಇದ್ದದ್ದೇ ಅದು. ನೀವು ನನ್ನನ್ನು ಅನುಮಾನಿಸಿದಿರಿ, ನಾನು ನಿಮ್ಮನ್ನು ಅನುಮಾನಿಸಿದೆ. ಈಗ ಒಂದು ಸುದ್ದಿ ಬಂದು ನನ್ನ ಅನುಮಾನವನ್ನೆಲ್ಲ ತಲೆಕೆಳಗು ಮಾಡಿದೆ. ಅದನ್ನು ನಿಮಗೆ ಹೇಳದೆ ನನಗೆ ನಿದ್ದೆ ಬರುತ್ತಿಲ್ಲ.

ಮದುವೆಯಾಗಿ ಬೆಟ್ಟದಪುರದಿಂದ ಈ ಊರಿಗೆ ಬಂದ ಮೊದಲ ಬೇಸಿಗೆ ನೆನಪಿದೆಯಾ? ಬಾವಿ ಪಕ್ಕದ ಜಾಗದಲ್ಲಿ ಹೊಗೆಸೊಪ್ಪಿನ ಸಸಿಮಡಿ ಮಾಡಿದ್ದಿರಿ. ಸುತ್ತ ಮುಳ್ಳುಬೇಲಿ, ನುಗ್ಗಿ ಹೋಗಲು ಒಂದು ಬಿದಿರಿನ ತಡಿಕೆ. ತಡಿಕೆಯ ಪಕ್ಕ ಒಂದು ಕೊಡ ನೀರು, ತೆಂಗಿನ ಕರಟದಲ್ಲಿ ಬಟ್ಟೆ ಸೋಪಿನ ತುಂಡು. ಯಾರೇ ಬರಲಿ, ನಿಮ್ಮದು ಒಂದೇ ಪ್ರಶ್ನೆ. "ಕೈ ತೊಳ್ಕಂಡ್ಯಾ?" ತೊಳೆದೆ ಅಂದರೆ ನಂಬುತ್ತಿರಲಿಲ್ಲ. "ಎಲ್ಲಿ, ತೋರ್ಸು," ಅಂತ ಹಿಡಿದು ಮೂಸುತ್ತಿದ್ದಿರಿ. ಬೀಡಿ ಸೇದಿ ಬಂದ ನಿಮ್ಮ ಮಗನನ್ನೇ ಬೇಲಿಯಿಂದ ಆಚೆ ಅಟ್ಟಿದಿರಿ. ದೇವರ ಕೋಣೆಗೆ ಕಾಲು ತೊಳೆಯದೆ ಹೋದರೆ ಬಿಟ್ಟುಬಿಡುತ್ತಿದ್ದವರು, ಆ ಸಾಸಿವೆಗಿಂತ ಸಣ್ಣ ಬೀಜದ ಮಡಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಹೊಸ ಸೊಸೆ ನಾನು, ನನಗೆ ಏನನ್ನಿಸಬೇಡ? ಇವರು ಸಸಿ ಕಾಯುತ್ತಿಲ್ಲ, ನನ್ನನ್ನು ಕಾಯುತ್ತಿದ್ದಾರೆ ಅಂತಲೇ ಅಂದುಕೊಂಡೆ.

ಆಮೇಲೆ ನೀವು ನನ್ನ ಕೈಲಿ ಬಿತ್ತಿಸಿದ ವರ್ಷ ಬಂತು. ಸಸಿ ಕಿತ್ತು ಹೊಲಕ್ಕೆ ಹಾಕುವ ಹೊತ್ತಿಗೆ ಸರಿಯಾಗಿ ಎಲೆಗಳು ತೇಪೆ ತೇಪೆಯಾದವು. ಅಲ್ಲಿ ಹಸಿರು, ಇಲ್ಲಿ ಹಳದಿ, ಅಂಚು ಸುರುಟಿಕೊಂಡು. ಅರ್ಧ ಮಡಿ ಕಿತ್ತು ಸುಟ್ಟೆವು. ರಾವಂದೂರಿನ ಕಡೆಯಿಂದ ಸಸಿ ಕೇಳಿ ತರಬೇಕಾಯಿತು. ಎದುರುಮನೆ ಕೆಂಪಮ್ಮ, ಇನ್ನೂ ನಾಲ್ಕು ಜನ ಹೆಂಗಸರು ಬೇಲಿಯ ಹತ್ತಿರ ನಿಂತಿದ್ದರು. ಅವರ ಮುಂದೆ ನೀವು ಸೊಂಟದ ಮೇಲೆ ಕೈಯಿಟ್ಟು ಅಂದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಈ ಸಲ ಬಿತ್ತಿದ್ದು ಇವ್ಳು. ಬೆಟ್ಟದಪುರದ ಕೈ ಕಣವ್ವ, ಕೈಗುಣ ಒಳ್ಳೇದಲ್ಲ."

ಕೈಗುಣ! ಅತ್ತೆ, ನಮ್ಮ ಕಡೆ ಹೆಣ್ಣಿಗೆ ಅದಕ್ಕಿಂತ ದೊಡ್ಡ ಹೆಸರು ಬೇರೆ ಯಾವುದಿದೆ? ಕಪ್ಪಗಿದ್ದಾಳೆ ಅನ್ನಿ, ಸೋಮಾರಿ ಅನ್ನಿ, ಬಾಯಿ ಜೋರು ಅನ್ನಿ, ತಡೆದುಕೊಳ್ಳಬಹುದು. ಕೈಗುಣ ಸರಿಯಿಲ್ಲ ಅಂದರೆ ಮುಗಿಯಿತು. ಅವಳ ಕೈಲಿ ಹಾಲಿಗೆ ಹೆಪ್ಪು ಹಾಕಿಸುವುದಿಲ್ಲ, ಬೀಜ ಮುಟ್ಟಿಸುವುದಿಲ್ಲ, ಕರು ಹಾಕುವ ಹಸುವಿನ ಹತ್ತಿರ ಬಿಡುವುದಿಲ್ಲ. ಆ ಬೇಸಿಗೆಯಿಂದ ಕೆಂಪಮ್ಮ ನಮ್ಮ ಮನೆಗೆ ಹೆಪ್ಪು ಕೇಳಿ ಬರುವುದನ್ನೇ ಬಿಟ್ಟಳು. ನನ್ನನ್ನು ನೀವು ಮಡಿಯಿಂದ ಹೊರಗಿಟ್ಟಿರಿ. ನೀವೇ ಬಿತ್ತಿದಿರಿ, ನೀವೇ ಕಳೆ ತೆಗೆದಿರಿ. ಮುಂದಿನ ವರ್ಷವೂ ರೋಗ ಬಂತು. ಆಗಲೂ ಹೇಳಿದ್ದು ನನ್ನನ್ನೇ. "ಬೇಲಿ ಮೇಲಿಂದ ನೋಡುದ್ಲು ಅಂತ ಕಾಣುಸ್ತದೆ!"

ಆ ಮಾತು ಕೇಳಿದ ಮೇಲೆ ನಾನೂ ಸುಮ್ಮನೆ ಕೂರಲಿಲ್ಲ. ಇದರ ಹಿಂದೆ ಏನೋ ಇದೆ ಅಂತ ಹುಡುಕತೊಡಗಿದೆ. ಕೆ.ಆರ್. ನಗರದಲ್ಲಿರುವ ನಿಮ್ಮ ಮಗಳು ಬಂದಾಗಲೆಲ್ಲ ನೀವಿಬ್ಬರೂ ಬ್ಯಾರನ್ನಿನ ಹಿಂದೆ ಕೂತು ಪಿಸುಗುಟ್ಟುತ್ತಿದ್ದಿರಿ. ಸೊಪ್ಪು ಬೇಯಿಸುವ ಆ ಕಟ್ಟಡದ ಹಿಂದೆ ಅಮ್ಮ ಮಗಳಿಗೆ ಅಂಥ ಗುಟ್ಟು ಏನಿರುತ್ತದೆ? ಅವಳನ್ನೇ ಇಲ್ಲಿ ತಂದಿಟ್ಟುಕೊಳ್ಳುವ ಹುನ್ನಾರವೋ, ನನ್ನನ್ನು ತವರಿಗೆ ಅಟ್ಟುವ ಹುನ್ನಾರವೋ ಅಂತ ಕಿವಿಗೊಟ್ಟೆ. ಕೇಳಿಸಿದ್ದು ಅವಳ ಮಂಡಿನೋವಿನ ಕಥೆ ಮಾತ್ರ. ಅದನ್ನೂ ನಾನು ನಂಬಲಿಲ್ಲ ಬಿಡಿ.

ಹೊಗೆಸೊಪ್ಪಿನ ಆಫೀಸಿನವರೊಬ್ಬರು ಮೋಟಾರುಬೈಕಿನಲ್ಲಿ ಬಂದಿದ್ದರಲ್ಲ, ದಪ್ಪ ಕನ್ನಡಕದವರು? ಎಲೆ ಹಿಡಿದು ನೋಡಿ, ಇದು ಮೊಸಾಯಿಕ್ ಅನ್ನುವ ಅಂಟುರೋಗ ಅಂದರು. "ಒಣಗಿದ ಸೊಪ್ಪಿನಲ್ಲೂ ಈ ರೋಗ ಬದುಕಿರುತ್ತೆ. ಬೀಡಿ ಸೇದೋರು, ಬಾಯಿಗೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕೋರು ಕೈಯಲ್ಲೇ ಹೊತ್ಕೊಂಡು ಬರ್ತಾರೆ. ಅಂಥವರು ಮಡಿಗೆ ಇಳೀಬಾರದು," ಅಂದರು. ನೀವು ಬಾಯಲ್ಲಿದ್ದ ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿಕೊಂಡು ನಕ್ಕಿರಿ. "ಅಲ್ಲಾ ಸ್ವಾಮಿ, ಹೊಗೆಸೊಪ್ಪು ತಿಂದೋರಿಂದ ಹೊಗೆಸೊಪ್ಪಿಗೇ ರೋಗ ಬಂದದಾ? ನಾನು ಹಾಲು ಕುಡುದ್ರೆ ನಮ್ಮ ಹಸೀಗೆ ಜ್ವರ ಬಂದದಾ?" ಎಲ್ಲರೂ ನಕ್ಕರು. ಅವರೂ ನಕ್ಕು ಹೊರಟುಹೋದರು. ನಾನೂ ನಕ್ಕೆ ಅತ್ತೆ. ಆಫೀಸಿನವರ ಮಾತು ಅಂದರೆ ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ ತಾನೆ?

ಮುಂದೆ ನೀವು ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿತು. ಮಗಳು ಬಂದು ಕೆ.ಆರ್. ನಗರಕ್ಕೆ ಕರೆದುಕೊಂಡು ಹೋದಳು. ಬಿತ್ತುವ ಹೊತ್ತು ಮೀರುತ್ತಿತ್ತು, ಬೇರೆ ಗತಿ ಇರಲಿಲ್ಲ. ನಿಮ್ಮ ಮಗ ತಲೆ ಕೆರೆದುಕೊಂಡು, "ಅವ್ವುಂಗೆ ಹೇಳ್ಬ್ಯಾಡ ಕಣೇ, ನೀನೇ ಬಿತ್ಬುಡು," ಅಂದರು. ಬೀಜವನ್ನು ಮರಳಿನಲ್ಲಿ ಬೆರೆಸಿ ಬಿತ್ತಿದೆ. ಹುಲ್ಲು ಹೊದಿಸಿದೆ, ನೀರು ಚಿಮುಕಿಸಿದೆ, ಕಳೆ ತೆಗೆದೆ. ಪ್ರತಿ ಸಲ ಒಳಗೆ ಕಾಲಿಡುವ ಮೊದಲು ನಿಮ್ಮ ಕರಟದ ಸೋಪಿನಲ್ಲಿ ಮೊಣಕೈವರೆಗೂ ತೊಳೆದೆ. ನೀವು ಎಲ್ಲಿಂದಲೋ ನೋಡುತ್ತಿದ್ದೀರಿ ಅನ್ನುವ ಗುಮಾನಿ, ಅದಕ್ಕೆ. ಆ ವರ್ಷ ಮಡಿ ಹೇಗೆ ಬಂತು! ಒಂದೇ ಒಂದು ಎಲೆಯಲ್ಲಿ ತೇಪೆಯಿಲ್ಲ. ನಿಮ್ಮ ಮಗ ಮಂಡಿಯೂರಿ ಹುಡುಕಿದರು, ಸಿಗಲಿಲ್ಲ. "ಈ ವರ್ಷ ಗಾಳಿ ಒಳ್ಳೇದು," ಅಂದಳು ಕೆಂಪಮ್ಮ. ನನ್ನ ಕೈ ಒಳ್ಳೆಯದು ಅನ್ನಲು ಬಾಯಿ ಬರಲಿಲ್ಲ.

ನೀವು ಕೋಲೂರಿಕೊಂಡು ವಾಪಸ್ಸು ಬಂದ ದಿನ ಬಸ್ಸಿಳಿದು ಮನೆಗೂ ಹೋಗಲಿಲ್ಲ, ನೇರ ಮಡಿಗೆ ಬಂದಿರಿ. ನಾನು ಒಳಗಿದ್ದೆ. ತಡಿಕೆ ಹಿಡಿದು ನಿಂತು ತುಂಬಾ ಹೊತ್ತು ನೋಡಿದಿರಿ. "ಒಂದ್ರಲ್ಲೂ ಬರ್ಲಿಲ್ವಾ?" ಅಂದಿರಿ. "ಇಲ್ಲ ಅತ್ತೆ, ಒಂದ್ರಲ್ಲೂ ಇಲ್ಲ," ಅಂದೆ. ಇನ್ನೇನು ಒಳಗೆ ಬಂದು ಎಲೆ ಎಲೆ ಮಗುಚಿ ಹುಳುಕು ಹುಡುಕುತ್ತಾರೆ ಅಂದುಕೊಂಡೆ. ನೀವು ಬರಲಿಲ್ಲ. ಒಂದು ಚೆನ್ನಾದ ಸಸಿ ಕಿತ್ತು, ನೋಡಿ ಅಂತ ಬೇಲಿ ಮೇಲಿಂದ ನಿಮ್ಮ ಕೈಗೆ ಚಾಚಿದೆ. ನೀವು ಸರಕ್ಕನೆ ಎರಡು ಹೆಜ್ಜೆ ಹಿಂದೆ ಹೋಗಿ ಎರಡೂ ಕೈಗಳನ್ನು ಸೆರಗಿನೊಳಗೆ ಹಾಕಿಕೊಂಡಿರಿ. "ನಂಗ್ಯಾಕೆ, ನೀನೇ ಇಟ್ಕೊ," ಅಂದು ತಿರುಗಿ ಹೋದಿರಿ.

ಅವತ್ತು ನಾನು ಅತ್ತದ್ದು ನಿಮಗೆ ಗೊತ್ತಿಲ್ಲ. ಬಾವಿಕಟ್ಟೆಯ ಹಿಂದೆ ಕೂತು ಅತ್ತೆ. ನನ್ನ ಕೈಯಿಂದ ಒಂದು ಸಸಿ ತೆಗೆದುಕೊಳ್ಳಲಾರದಷ್ಟು ಹೇಸಿಗೆಯಾದೆನಾ ನಾನು? ಗೆದ್ದ ಸೊಸೆಯ ಮುಖ ನೋಡಲಾರದೆ ಹೋದರು ಅಂತ ಅಂದುಕೊಂಡೆ. ಆಮೇಲಿನ ಎರಡು ಬೇಸಿಗೆಯೂ ಅಷ್ಟೆ. ದಿನಾ ಬರುತ್ತಿದ್ದಿರಿ, ಬೇಲಿಯ ಆಚೆ ಬೇವಿನಮರದ ನೆರಳಲ್ಲಿ ನಿಲ್ಲುತ್ತಿದ್ದಿರಿ, ಕೈ ಸೆರಗಿನೊಳಗೆ. "ಆ ಮೂಲೇಲಿ ನೀರು ಕಮ್ಮಿ ಆಯ್ತು." "ಹುಲ್ಲು ತೆಗ್ದುಬುಡು, ಬಿಸ್ಲು ಕುಡೀಲಿ." ಹೇಳುವುದೆಲ್ಲ ಅಲ್ಲಿಂದಲೇ. ಒಳಗೆ ಬನ್ನಿ ಅಂದರೆ, "ಸೊಂಟ ಬಗ್ಗಾಕಿಲ್ಲ ಕಣೆ." ಮನೆಯಲ್ಲಿ ರಾಗಿ ಬೀಸುವಾಗ ಬಗ್ಗುವ ಸೊಂಟ ಮಡಿಯಲ್ಲಿ ಮಾತ್ರ ಬಗ್ಗುವುದಿಲ್ಲವೇ? ನನಗೆ ಅನುಮಾನ ಬರದೆ ಇರುತ್ತದಾ? ಕೈಗುಣದ ಮಾತನ್ನು ಮಾತ್ರ ನೀವು ವಾಪಸ್ಸು ತೆಗೆದುಕೊಳ್ಳಲಿಲ್ಲ. ಎರಡನೆಯ ಬೇಸಿಗೆ ಕಳೆದು, ದೀಪಾವಳಿಯ ಮುಂದೆ ಜ್ವರ ಬಂದು ನೀವು ಹೊರಟೇ ಹೋದಿರಿ. ಬಾಯಿಗೆ ನೀರು ಬಿಟ್ಟದ್ದು ನಾನೇ. ಆಗಲೂ ನನ್ನ ಕೈ ನೋಡಿದಿರಿ, ಏನೋ ಹೇಳಲು ಹೋದಿರಿ, ಆಮೇಲೆ...

ಇನ್ನು ಸುದ್ದಿಗೆ ಬರುತ್ತೇನೆ. ನೀವು ಹೋದ ಮುಂದಿನ ವರ್ಷ ಸೊಪ್ಪು ಮುರಿಯುವ ಕಾಲ. ಬ್ಯಾರನ್ನಿನ ಮುಂದೆ ತಗಡಿನ ನೆರಳಲ್ಲಿ ನಾನು, ಕೆಂಪಮ್ಮ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದೆವು. ನಮ್ಮೂರ ಹೈಸ್ಕೂಲಿನ ಚಿಕ್ಕಣ್ಣ ಮೇಷ್ಟ್ರು ಗೊತ್ತಲ್ಲ, ಪೇಪರು ಹಿಡಿದು ಬಂದು ಯಾರಿಗಾದರೂ ಓದಿ ಹೇಳದೆ ಇದ್ದರೆ ಉಂಡ ಅನ್ನ ಅರಗದವರು, ಬಂದು ಕಲ್ಲಿನ ಮೇಲೆ ಕೂತರು. ಗುರುಗ್ರಹದ ಸುತ್ತ ಎಂಟು ವರ್ಷದಿಂದ ಸುತ್ತುತ್ತಿದ್ದ ಒಂದು ನೌಕೆಯನ್ನು, ಕಳಿಸಿದವರೇ ಬೇಕೆಂತಲೇ ಗುರುಗ್ರಹದೊಳಕ್ಕೆ ಬೀಳಿಸಿ ಸುಟ್ಟುಬಿಟ್ಟರಂತೆ.

"ಅಷ್ಟು ದೂರ ಕಳ್ಸಿ ಬೂದಿ ಮಾಡುದ್ರಾ? ಅವ್ರಿಗೇನ್ ಬಂದಿತ್ತು ರೋಗ!" ಅಂದಳು ಕೆಂಪಮ್ಮ.

ನನ್ನ ತಲೆ ಓಡಿದ್ದು ಬೇರೆ ಕಡೆ. "ಅಲ್ಲೇನೋ ಸಿಕ್ಕದೆ ಮೇಷ್ಟ್ರೇ. ಯಾರ್ಗೂ ಗೊತ್ತಾಗ್ಬಾರ್ದು ಅಂತ ಮುಚ್ಚಾಕವ್ರೆ," ಅಂದೆ.

ಮೇಷ್ಟ್ರು ನಕ್ಕರು. "ಸಿಕ್ಕಿದೆ ಅಂತಲ್ಲ ಕಣಮ್ಮ, ಇರಬಹುದು ಅಂತ. ಗುರುಗ್ರಹಕ್ಕೂ ಚಂದ್ರಂದಿರಿದ್ದಾರೆ. ಅದರಲ್ಲಿ ಒಂದರ ಮೇಲೆ ಪೂರ್ತಿ ಮಂಜುಗಡ್ಡೆ, ಅದರ ಅಡಿಯಲ್ಲಿ ನೀರಿದೆಯಂತೆ. ನೀರಿದ್ದರೆ ಕಣ್ಣಿಗೆ ಕಾಣದ ಜೀವ ಇದ್ದರೂ ಇರಬಹುದು. ಈ ನೌಕೆಯಲ್ಲಿ ಎಣ್ಣೆ ಮುಗೀತಾ ಬಂದಿತ್ತು. ಸುಮ್ಮನೆ ಬಿಟ್ಟಿದ್ದರೆ ಯಾವತ್ತೋ ಒಂದಿನ ಹೋಗಿ ಆ ಚಂದ್ರನ ಮೇಲೆ ಬೀಳ್ತಿತ್ತು."

"ಬಿದ್ರೆ ಬೀಳ್ಲಿ. ಅಲ್ಲಿರೋದು ಇವ್ರಿಗೆ ಅಂಟ್ಕತದೆ ಅಂತ ಹೆದ್ರುಕಂಡ್ರಾ?" ಅಂತ ಕೇಳಿದೆ.

"ಇಲ್ಲಮ್ಮ, ತಿರುಗಾ ಮುರುಗಾ. ನಮ್ಮದು ಅಲ್ಲಿಗೆ ಅಂಟುತ್ತೆ ಅಂತ. ನೌಕೆ ಮಾಡಿದವರ ಕೈಯಿಂದ, ಉಸಿರಿಂದ ಹತ್ತಿದ ಕ್ರಿಮಿಗಳು ಅದರ ಮೈಮೇಲೆ ಇರ್ತವೆ. ಕೆಲವು ಎಂಥಾ ಚಳಿಗೂ ಸಾಯಲ್ಲ. ಬೀಜದ ಥರ ಮುದುರಿಕೊಂಡು ಮಲಗಿರ್ತವೆ, ನೀರು ಕಂಡರೆ ಎದ್ದು ಕೂರ್ತವೆ."

"ಹಂಗಾರೆ ಕಳ್ಸೋ ಮುಂಚೆ ತೊಳ್ದು ಕಳುಸ್ಬೇಕಾಗಿತ್ತಪ್ಪ," ಅಂದೆ. ನಿಮ್ಮ ಸೊಸೆ ಅಲ್ಲವೇ, ಇನ್ನೇನು ಕೇಳುತ್ತೇನೆ?

"ಕಳಿಸುವಾಗ ಅಲ್ಲಿ ನೀರಿದೆ ಅಂತ ಖಾತ್ರಿ ಇರಲಿಲ್ಲ. ಈ ನೌಕೆಯೇ ಹೋಗಿ ನೋಡಿದ ಮೇಲೆ ಗೊತ್ತಾಗಿದ್ದು. ಈಗ ಅಷ್ಟು ದೂರದಲ್ಲಿ ಅದನ್ನ ತೊಳೆಯೋಕೆ ಆಗುತ್ತಾ? ಅದಕ್ಕೆ, ಆ ಕಡೆ ಹೋಗದಂಗೆ ತಾವೇ ತಡೆದರು."

ಮೇಷ್ಟ್ರು ಪೇಪರು ಮಡಿಸಿಕೊಂಡು ಹೋದರು. ಕೆಂಪಮ್ಮ ಅದನ್ನು ಅಲ್ಲಿಗೇ ಮರೆತಳು. ನಾನು ಕಡ್ಡಿಗೆ ಸೊಪ್ಪು ಕಟ್ಟುತ್ತಲೇ ಇದ್ದೆ, ಎಲ್ಲೋ ಏನೋ ಕುಟುಕುತ್ತಿತ್ತು. ನೀರನ್ನು ಕಂಡದ್ದು ಅದೇ, ಹತ್ತಿರ ಹೋಗಬಾರದ್ದೂ ಅದೇ. ಕೊಳಕು ತನ್ನ ಮೈಮೇಲೇ ಇರಬಹುದು ಅಂತ ದೂರ ನಿಂತದ್ದು... ಸೊಪ್ಪಿನ ಅಂಟು ಹತ್ತಿ ನನ್ನ ಬೆರಳು ಕಪ್ಪಗಾಗಿದ್ದವು. ಅವನ್ನು ನೋಡಿದೆ. ಬೇವಿನ ಮರದ ಕೆಳಗೆ ನಿಂತ ನಿಮ್ಮ ಸೆರಗು ಕಣ್ಣಮುಂದೆ ಬಂತು.

ಅತ್ತೆ, ಅದಕ್ಕಾ? ನಿಮ್ಮ ಸೊಂಟದಲ್ಲಿ ಎಲೆಅಡಿಕೆ ಚೀಲ ಇಲ್ಲದ ದಿನವನ್ನು ನಾನು ನೋಡಿಲ್ಲ. ಊರಿಗೆಲ್ಲ ಸೋಪು ಹಾಕಿಸಿ, ನೀವು ಮಾತ್ರ ಬಾಗಿಲು ಕಾಯುವವರಿಗೆ ತಪಾಸಣೆ ಯಾಕೆ ಅನ್ನುವ ಹಾಗೆ, ಬಾಯಿಗೆ ಕಡ್ಡಿಪುಡಿ ಹಾಕಿಕೊಂಡ ಅದೇ ಬೆರಳಲ್ಲಿ ಸಸಿ ಮುಟ್ಟುತ್ತಿದ್ದಿರಿ. ಎಲ್ಲರ ಕೈ ಮೂಸಿದಿರಿ, ನಿಮ್ಮದನ್ನು ಯಾರು ಮೂಸುತ್ತಾರೆ? ನೀವಿಲ್ಲದ ವರ್ಷ ಮಡಿ ಶುದ್ಧವಾಗಿ ಬಂದದ್ದನ್ನು ತಡಿಕೆ ಹಿಡಿದು ನೋಡಿದಿರಲ್ಲ, ಆಗ ಕನ್ನಡಕದವರ ಮಾತು ನೆನಪಿಗೆ ಬಂತು ತಾನೆ? ಕಡ್ಡಿಪುಡಿ ಬಿಡಲು ನಿಮ್ಮ ಕೈಲಿ ಆಗಲಿಲ್ಲ. ಮಡಿಯನ್ನೇ ಬಿಟ್ಟಿರಿ. ಮಕ್ಕಳಿಗಿಂತ ಹೆಚ್ಚಾಗಿ ಕಾದ ಮಡಿಯನ್ನು.

ಇದು ತಿಳಿದಾಗ ನನಗೆ ನಿಮ್ಮ ಮೇಲೆ ಮರುಕ ಬರಲಿಲ್ಲ, ಸಿಟ್ಟು ಬಂತು. ಈಗಲೂ ಇದೆ. ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನಾಲ್ಕು ಜನರ ಮುಂದೆ ಅಂದದ್ದನ್ನು ನಾಲ್ಕು ಜನರ ಮುಂದೆ ವಾಪಸ್ಸು ತೆಗೆದುಕೊಳ್ಳಬಾರದಿತ್ತಾ? ಕೈ ಮುಚ್ಚಿಕೊಂಡಿರಿ, ಸರಿ. ಬಾಯನ್ನು ಯಾಕೆ ಮುಚ್ಚಿಕೊಂಡಿರಿ? ಇನ್ನೊಂದು ನಿಜವನ್ನೂ ಹೇಳುತ್ತೇನೆ. ಒಮ್ಮೊಮ್ಮೆ ಇದೆಲ್ಲ ನಾನೇ ಕಟ್ಟಿಕೊಂಡ ಕಥೆಯೋ ಅಂತಲೂ ಅನ್ನಿಸುತ್ತದೆ. ಸೊಂಟ ನಿಜಕ್ಕೂ ನೋಯುತ್ತಿತ್ತೋ ಏನೋ. ಕೇಳೋಣ ಅಂದರೆ ನೀವಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮೇಷ್ಟ್ರು ಮತ್ತೆ ಬಂದಿದ್ದರು. ಮಂಗಳಗ್ರಹಕ್ಕೆ ಎರಡು ಪುಟ್ಟ ಗಾಡಿ ಇಳಿಸಿದ್ದಾರಂತೆ. ಈ ಸಲ ಸ್ಪಿರಿಟ್ಟಿನಲ್ಲಿ ಒರೆಸಿ, ಬಿಸಿಯಲ್ಲಿ ಬೇಯಿಸಿ, ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡವರೇ ಮುಟ್ಟಿ ಕಳಿಸಿದ್ದಂತೆ. "ಪೂರ್ತಿ ಹೋಯ್ತಾ ಕ್ರಿಮಿ?" ಅಂತ ಕೇಳಿದೆ. "ಪೂರ್ತಿ ಹೋಗಲ್ಲ, ಇಷ್ಟರ ಒಳಗೆ ಇದ್ದರೆ ಸರಿ ಅಂತ ಒಂದು ಲೆಕ್ಕ ಇಟ್ಟಿದ್ದಾರೆ," ಅಂದರು. ನೋಡಿದಿರಾ! "ಲೆಕ್ಕ ನೋಡೋರು ಯಾರು ಮೇಷ್ಟ್ರೇ? ತೊಳ್ದೋರೇ ತಾನೆ?" ಅಂದೆ. ಮೇಷ್ಟ್ರು ಚಹಾ ಕುಡಿದು ಎದ್ದರು. ನೀವಿದ್ದಿದ್ದರೆ ಆ ಗಾಡಿಗಳನ್ನು ಎರಡೆರಡು ಸಲ ಮೂಸಿ ನೋಡದೆ ಬಿಡುತ್ತಿರಲಿಲ್ಲ.

ಈಗ ನಮ್ಮ ಮನೆಯ ಸುದ್ದಿ. ನಿಮ್ಮ ಕಿರಿಮಗ ರಾಜುವಿಗೆ ಮದುವೆಯಾಯಿತು. ಹುಡುಗಿ ಮಂಜುಳ, ಕಾಡಂಚಿನ ವೀರನಹೊಸಹಳ್ಳಿಯವಳು. ಮೆತ್ತಗಿನ ಹೆಣ್ಣು, ಆದರೆ ಕಣ್ಣು ಚುರುಕು. ಈ ಬೇಸಿಗೆ ಬೀಜವನ್ನು ಅವಳ ಕೈಲಿ ಬಿತ್ತಿಸಿದೆ. ಮೊನ್ನೆ ನಾನು ನೀರು ಹಾಕಲು ಹೋದಾಗ ಕಂಡಿತು, ಬಾವಿಯ ಕಡೆಯ ಮಡಿಯಲ್ಲಿ ತೇಪೆ. ಸುದ್ದಿ ಹಬ್ಬಲು ಎಷ್ಟು ಹೊತ್ತು? ಅದೇ ಬೇಲಿ, ಅದೇ ಕೆಂಪಮ್ಮ, ಇನ್ನೂ ನಾಲ್ಕು ಜನ. "ಯಾರು ಬಿತ್ತಿದ್ದು?" ಅಂತ ಕೇಳಿದಳು. "ಹೊಸ ಕೈ," ಅಂತ ಹಿಂದಿನಿಂದ ಯಾರೋ ಅಂದರು. ಆ ಹುಡುಗಿ ತನ್ನ ಎರಡು ಕೈಗಳನ್ನೂ ನೋಡಿಕೊಂಡಳು. ಆ ನೋಟ ನನಗೆ ಗೊತ್ತು ಅತ್ತೆ. ನಾನೂ ಹಾಗೇ ನೋಡಿಕೊಂಡಿದ್ದೆ.

ಆ ಮಡಿಗೆ ಮಂಜುಳ ಬಿತ್ತಿದ ಮೇಲೆ ಇಳಿದೇ ಇರಲಿಲ್ಲ. ಕಳೆ ತೆಗೆದವಳು ನಾನು. ಕೊನೆಯ ಒಣಸೊಪ್ಪನ್ನು ಬೇರ್ಪಡಿಸಿ ಕಟ್ಟುತ್ತಿದ್ದವಳು ಹಾಗೇ ಎದ್ದು ಹೋಗಿ ಕೈ ಹಾಕಿದ್ದೆ. ಕರಟದಲ್ಲಿ ಸೋಪು ಮುಗಿದಿತ್ತು. ನೀವಿದ್ದಾಗ ಅದು ಒಂದು ದಿನವೂ ಮುಗಿದದ್ದಿಲ್ಲ.

ನಾನು ತಡಿಕೆ ದಾಟಿ ಆಚೆ ಬಂದು, ಬೇವಿನ ಮರದ ಕೆಳಗೆ, ನೀವು ನಿಲ್ಲುತ್ತಿದ್ದ ಕಡೆಯೇ ನಿಂತೆ. ಎರಡೂ ಕೈ ಎತ್ತಿ ಎಲ್ಲರಿಗೂ ಕಾಣುವ ಹಾಗೆ ತೋರಿಸಿದೆ. "ಅವ್ಳ ಕೈಯಲ್ಲ ಕಣ್ರವ್ವ, ಈ ಕೈ. ಸೊಪ್ಪು ಮುಟ್ಟಿ ತೊಳೀದೆ ಇಳಿದೋಳು ನಾನು. ರೋಗ ತಂದೋಳು ನಾನು. ಇವತ್ತಿಂದ ಮಡಿ ಅವ್ಳುದು. ನಾನು ಇಲ್ಲೇ ನಿಂತ್ಕತೀನಿ," ಅಂದೆ.

ಕೆಂಪಮ್ಮ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನೇ ನೋಡಿದಳು. "ಅಲ್ಲಾ ರತ್ನ, ಹಂಗಾರೆ ಆವತ್ತು ನಿಮ್ಮತ್ತೆ ನಿನ್ನ ಕೈಗುಣ ಸರಿಯಿಲ್ಲ ಅಂದಿದ್ದು...?"

"ಅದಾ? ಅದನ್ನ ಅವ್ರು ಸಾಯಕ್ಕೆ ಮುಂಚೇನೇ ವಾಪಸ್ ತಗಂಡ್ರು ಬುಡಿ. ನನ್ ಕೈ ಹಿಡ್ಕಂಡು ಹೇಳುದ್ರು," ಅಂದೆ.

ತೆಗೆದುಕೊಂಡಿರಿ ತಾನೆ ಅತ್ತೆ? ಕೊನೆಗೆ ನನ್ನ ಕೈ ನೋಡಿ ಹೇಳಲು ಹೋದದ್ದು ಅದೇ ತಾನೆ? ಅಲ್ಲ ಅನ್ನುವ ಹಾಗಿದ್ದರೆ ತಡವಾಯಿತು, ಊರಿಗೆಲ್ಲ ಹೇಳಿ ಆಗಿದೆ. ಇವತ್ತು ಬೆಳಿಗ್ಗೆ ಕೆಂಪಮ್ಮ ಲೋಟ ಹಿಡಿದು ನಮ್ಮ ಮನೆಗೆ ಹೆಪ್ಪು ಕೇಳಲು ಬಂದಿದ್ದಳು. ಕರಟಕ್ಕೆ ಹೊಸ ಸೋಪು ಇಟ್ಟಿದ್ದೇನೆ.